ಕೊನೆ ಗೊತ್ತಿದ್ದರೆ ಕತೆ ಕೆಡುತ್ತದಾ? ಸೈನ್ಸ್ ಫಿಕ್ಷನ್ ಪ್ರೀಕ್ವೆಲ್‌ಗಳು ಎಡವುವುದು ಎಲ್ಲಿ?

ಪ್ರಶ್ನೆ: ಇಷ್ಟಪಟ್ಟು ನೋಡಿದ ಸೈನ್ಸ್ ಫಿಕ್ಷನ್ ಸಿನಿಮಾಗಳ ಹಿಂದಿನ ಕತೆ ಅಂತ ಪ್ರೀಕ್ವೆಲ್ ಬಂದಾಗಲೆಲ್ಲ ಸಿಟ್ಟು ಬರುತ್ತದೆ. ದೊಡ್ಡ ದೊಡ್ಡ ವಿಜ್ಞಾನಿಗಳು ಏನೂ ತಿಳಿಯದವರ ಹಾಗೆ ನಡೆದುಕೊಳ್ಳುತ್ತಾರೆ. ಕೊನೆ ಮೊದಲೇ ಗೊತ್ತಿರುವುದರಿಂದ ಹೀಗಾಗುತ್ತಾ, ಇಲ್ಲಾ ಬರೆಯುವವರದೇ ತಪ್ಪಾ? (ಸಾಗರದ ಓದುಗರೊಬ್ಬರು)

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬಾ ಜನರಿಂದ ಬರುತ್ತದೆ. ಶಂಕರಘಟ್ಟದ ಹಾಸ್ಟೆಲ್ ಹುಡುಗರು ಕೇಳುತ್ತಾರೆ, ಶಿವಮೊಗ್ಗದಲ್ಲಿ ಮಕ್ಕಳ ಜೊತೆ ಕೂತು ಈ ಸಿನಿಮಾಗಳನ್ನು ನೋಡುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಕೊನೆ ಗೊತ್ತಿರುವುದರಿಂದ ಏನೂ ಕೆಡುವುದಿಲ್ಲ. ಆ ಕೊನೆಗೆ ಪಾತ್ರಗಳನ್ನು ಕುತ್ತಿಗೆ ಹಿಡಿದು ತಳ್ಳಿದಾಗ ಕೆಡುತ್ತದೆ. (ಮುಂದೆ ಕೆಲವು ಸಿನಿಮಾಗಳ ಗುಟ್ಟು ಬರುತ್ತದೆ. ನೋಡದೇ ಇರುವವರು ಎಚ್ಚರ.)

ಕೊನೆ ಗೊತ್ತಿದ್ದರೆ ಮಜಾ ಇಲ್ಲ ಅನ್ನುವ ಮಾತನ್ನು ಮಲೆನಾಡಿನವರಂತೂ ಒಪ್ಪಬಾರದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಾಳಮದ್ದಲೆಗೆ ಬಂದು ಕೂರುವವರಲ್ಲಿ ಕತೆ ಗೊತ್ತಿಲ್ಲದವರು ಯಾರಿದ್ದಾರೆ? ‘ಭೀಷ್ಮ ವಿಜಯ’ವನ್ನೇ ತೆಗೆದುಕೊಳ್ಳಿ. ಮುಂದೆ ಕುರುಕ್ಷೇತ್ರದಲ್ಲಿ ಶಿಖಂಡಿ ಎದುರಿಗೆ ಬಂದಾಗ ಭೀಷ್ಮ ಬಿಲ್ಲು ಹಿಡಿಯುವುದಿಲ್ಲ, ಅಲ್ಲಿಗೆ ಅವನ ಕತೆ ಮುಗಿಯುತ್ತದೆ. ಅದು ಹೇಗೆ ಶುರುವಾಯಿತು ಅನ್ನುವುದು ಅಂಬೆಯ ಈ ಪ್ರಸಂಗ. ಪಕ್ಕಾ ಪ್ರೀಕ್ವೆಲ್. ಆದರೂ ಅಂಬೆ ‘ಈಗ ನಾನು ಎಲ್ಲಿಗೆ ಹೋಗಲಿ’ ಎಂದು ಕೇಳುವಾಗ ಸಭೆ ಉಸಿರು ಬಿಗಿ ಹಿಡಿಯುತ್ತದೆ. ಸಾಲ್ವ ಅವಳನ್ನು ವಾಪಸ್ ಕಳಿಸಿದ್ದಾನೆ. ಭೀಷ್ಮನಿಗೆ ಪ್ರತಿಜ್ಞೆ ಬಿಡಲು ಆಗುವುದಿಲ್ಲ. ಅಂಬೆ, ಭೀಷ್ಮ ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಭೀಷ್ಮ ಬದುಕುತ್ತಾನಾ ಸಾಯುತ್ತಾನಾ ಅನ್ನುವುದು ಅಲ್ಲಿ ಯಾರ ತಲೆಯಲ್ಲೂ ಇರುವುದಿಲ್ಲ. ಈ ಮನುಷ್ಯ ತನ್ನ ಸ್ವಭಾವ ಬಿಡದೆ, ತಾನಾಗಿಯೇ ಆ ಸಾವಿನ ಕಡೆ ಹೇಗೆ ನಡೆದ ಅನ್ನುವುದನ್ನು ನಾವು ನೋಡುತ್ತಿರುತ್ತೇವೆ.

ಈಗ ನೀವು ಹೇಳಿದ ವಿಜ್ಞಾನಿಗಳ ವಿಷಯಕ್ಕೆ ಬರೋಣ. ನಿಮ್ಮ ಮನಸ್ಸಿನಲ್ಲಿ ಇರುವುದು ‘ಪ್ರಮೀಥಿಯಸ್’ ಅಂದುಕೊಳ್ಳುತ್ತೇನೆ. ರಿಡ್ಲಿ ಸ್ಕಾಟ್ 1979ರಲ್ಲಿ ‘ಏಲಿಯನ್’ ಮಾಡಿದರು, 2012ರಲ್ಲಿ ಅದರ ಹಿಂದಿನ ಕತೆಯಾಗಿ ಈ ಸಿನಿಮಾ ತಂದರು. ಅದರಲ್ಲಿ ಒಬ್ಬ ಜೀವಶಾಸ್ತ್ರಜ್ಞ, ಒಬ್ಬ ಭೂವಿಜ್ಞಾನಿ ಇದ್ದಾರೆ. ಬೇರೆ ಗ್ರಹದ ಗುಹೆಯಲ್ಲಿ ಸುಮಾರು 2000 ವರ್ಷ ಹಳೆಯ ಹೆಣ ಕಂಡ ಕೂಡಲೇ ಇಬ್ಬರೂ ಹೆದರಿ ನೌಕೆಗೆ ವಾಪಸ್ ಹೊರಡುತ್ತಾರೆ. ಸರಿ, ಹೆದರಿಕೆ ಸಹಜ. ಆದರೆ ಗುಹೆಯ ನಕ್ಷೆ ತೆಗೆಯುವ ಯಂತ್ರಗಳನ್ನು ಹಾರಿಬಿಟ್ಟ ಭೂವಿಜ್ಞಾನಿಯೇ ದಾರಿ ತಪ್ಪುತ್ತಾನೆ. ಆಮೇಲೆ ಹಾವಿನ ಹಾಗೆ ಹೆಡೆ ಬಿಚ್ಚಿದ, ಬದುಕಿರುವ ಪ್ರಾಣಿಯೊಂದು ಎದ್ದು ನಿಂತಾಗ, ಹೆಣಕ್ಕೆ ಹೆದರಿ ಓಡಿದ್ದ ಜೀವಶಾಸ್ತ್ರಜ್ಞ ಅದನ್ನು ಮುದ್ದು ಮಾಡಲು ಕೈ ಚಾಚುತ್ತಾನೆ.

ಆಗುಂಬೆಯ ಸುತ್ತ ತೋಟಕ್ಕೆ ಕಾಳಿಂಗ ಬಂದರೆ ಚಿಕ್ಕ ಮಕ್ಕಳೂ ದೂರ ನಿಲ್ಲುತ್ತಾರೆ. ಹಿಡಿಯಲು ಗೊತ್ತಿರುವವರು ಬರುವ ತನಕ ಯಾರೂ ಹತ್ತಿರ ಹೋಗುವುದಿಲ್ಲ. ಅಂಥ ಊರಿನವರು ಈ ದೃಶ್ಯ ನೋಡಿ ಸಿಟ್ಟಾದರೆ ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಸಿಟ್ಟು ಅವನು ತಪ್ಪು ಮಾಡಿದ ಅಂತಲೂ ಅಲ್ಲ. ಮನುಷ್ಯ ತಪ್ಪು ಮಾಡುತ್ತಾನೆ, ಭಯಾನಕ ಕತೆಗಳು ನಡೆಯುವುದೇ ಅದರಿಂದ. ಆದರೆ ಈ ತಪ್ಪು ಅವನದಲ್ಲ, ಬರೆದವರದು. ಸ್ವಲ್ಪ ಹೊತ್ತಿನ ಮುಂಚೆ ಕಂಡ ಮನುಷ್ಯನೇ ಬೇರೆ, ಈಗ ಕಾಣುವ ಮನುಷ್ಯನೇ ಬೇರೆ. ಮಧ್ಯೆ ಕಾರಣ ಏನೂ ಇಲ್ಲ. ಯಾರಾದರೂ ಒಬ್ಬರು ಸಾಯಬೇಕಿತ್ತು, ಅವನು ಕೈ ಚಾಚಿದ.

1979ರ ಸಿನಿಮಾದಲ್ಲಿ ಇಂಥದ್ದೇ ಜಾಗ ಒಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಖಕ್ಕೆ ಪ್ರಾಣಿ ಅಂಟಿಕೊಂಡಿರುವ ಗೆಳೆಯನನ್ನು ಹೊತ್ತು ಕ್ಯಾಪ್ಟನ್ ನೌಕೆಯ ಬಾಗಿಲಿಗೆ ಬರುತ್ತಾನೆ. ಒಳಗಿರುವ ಅಧಿಕಾರಿ ರಿಪ್ಲಿ ಬಾಗಿಲು ತೆಗೆಯುವುದಿಲ್ಲ. ಕ್ವಾರಂಟೈನ್ ನಿಯಮ ಹಾಗಿದೆ. ಕ್ಯಾಪ್ಟನ್ ಆಜ್ಞೆ ಮಾಡಿದರೂ ಅವಳು ಜಗ್ಗುವುದಿಲ್ಲ. ಬಾಗಿಲು ತೆಗೆಯುವವನು ಆಶ್, ನೌಕೆಯ ವಿಜ್ಞಾನ ಅಧಿಕಾರಿ. ಗೆಳೆಯನ ಮೇಲಿನ ಕನಿಕರದಿಂದ ತೆಗೆದ ಅಂದುಕೊಳ್ಳುತ್ತೇವೆ. ಎಷ್ಟೋ ಹೊತ್ತಿನ ಮೇಲೆ, ಅವನು ಮನುಷ್ಯನೇ ಅಲ್ಲ, ಆ ಪ್ರಾಣಿಯನ್ನು ಹೇಗಾದರೂ ತನ್ನಿ ಅಂತ ಕಂಪನಿ ಅವನಿಗೆ ಗುಟ್ಟಾಗಿ ಹೇಳಿತ್ತು ಅಂತ ತಿಳಿಯುತ್ತದೆ. ನಿಯಮ ಇಲ್ಲಿಯೂ ಮುರಿಯಿತು. ಆದರೆ ಮುರಿದ ಕೈ ಯಾರದು, ಯಾಕೆ ಮುರಿಯಿತು ಅನ್ನುವುದೆಲ್ಲ ಕತೆಯ ಒಳಗೇ ಇದೆ. 2012ರ ‘ಪ್ರಮೀಥಿಯಸ್’ನಲ್ಲಿ ತಂಡದವರು ಒಬ್ಬರ ಹಿಂದೆ ಒಬ್ಬರು ಹೆಲ್ಮೆಟ್ ತೆಗೆಯುತ್ತಾರೆ. ಅದರ ಮುಂದಿನ ಭಾಗವಾದ 2017ರ ‘ಏಲಿಯನ್: ಕವನೆಂಟ್’ನಲ್ಲಿ ಗೊತ್ತಿಲ್ಲದ ಗ್ರಹಕ್ಕೆ ಹೆಲ್ಮೆಟ್ ಹಾಕದೆಯೇ ಇಳಿಯುತ್ತಾರೆ. ಆ ಹೆಲ್ಮೆಟ್ ತೆಗೆಸಿದ್ದು ಚಿತ್ರಕತೆ.

ಅನುಭವ ಇರುವ ಬರಹಗಾರರೂ ಇಲ್ಲಿ ಯಾಕೆ ಎಡವುತ್ತಾರೆ? ಮಾಮೂಲಿ ಕತೆಯಲ್ಲಿ ಪಾತ್ರ ಒಂದು ಕಡೆ ತಿರುಗಿದರೆ ಬರೆಯುವವರೂ ಅದರ ಹಿಂದೆ ಹೋಗಬಹುದು. ಪ್ರೀಕ್ವೆಲ್‌ನಲ್ಲಿ ಹಾಗಾಗುವುದಿಲ್ಲ. ಯಾರು ಬದುಕಬೇಕು, ಯಾವ ವಸ್ತು ಎಲ್ಲಿಗೆ ಸೇರಬೇಕು ಎಲ್ಲವೂ ಎಷ್ಟೋ ವರ್ಷದ ಹಿಂದೆಯೇ ನಿಗದಿಯಾಗಿದೆ. ‘ಪ್ರಮೀಥಿಯಸ್’ಗೆ ಇನ್ನೊಂದು ತೊಡಕೂ ಇತ್ತು. ಮೊದಲು ಜಾನ್ ಸ್ಪೈಟ್ಸ್ ಬರೆದ ಚಿತ್ರಕತೆ ‘ಏಲಿಯನ್’ಗೆ ನೇರವಾಗಿ ಅಂಟಿಕೊಂಡಿತ್ತು. ಆಮೇಲೆ ಬಂದ ಡೇಮನ್ ಲಿಂಡೆಲಾಫ್ ಆ ನಂಟನ್ನು ಸಡಿಲ ಮಾಡಿ ತಿದ್ದಿದರು. ಕೊನೆಗೆ ಬಂದ ಸಿನಿಮಾಕ್ಕೆ ಹಳೆಯದರ ಜೊತೆ ಸೇರಿಕೊಳ್ಳುವ ಆಸೆಯೂ ಇದೆ, ಸ್ವತಂತ್ರವಾಗಿ ನಿಲ್ಲುವ ಆಸೆಯೂ ಇದೆ. ಈ ಎಳೆದಾಟದ ಭಾರ ಬಿದ್ದದ್ದು ಪಾಪ ಆ ಪಾತ್ರಗಳ ಮೇಲೆ.

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಇನ್ನೊಂದಿದೆ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವುದು. ‘ಏಲಿಯನ್’ನಲ್ಲಿ ದೊಡ್ಡ ಕುರ್ಚಿಯಿಂದಲೇ ಬೆಳೆದ ಹಾಗೆ ಕಾಣುವ, ಕಲ್ಲಾಗಿ ಹೋದ ದೈತ್ಯನೊಬ್ಬನ ದೇಹ ಸಿಗುತ್ತದೆ. ಯಾರು, ಎಲ್ಲಿಂದ ಬಂದ, ಒಂದೂ ಹೇಳುವುದಿಲ್ಲ. ಬ್ರಹ್ಮಾಂಡ ಎಷ್ಟು ದೊಡ್ಡದು, ನಾವೆಷ್ಟು ಚಿಕ್ಕವರು ಅನ್ನಿಸುವುದು ಅಲ್ಲೇ. ‘ಪ್ರಮೀಥಿಯಸ್’ ಬಂದು ಅದು ಬರೀ ಉಡುಪು, ಒಳಗೆ ಇರುವುದು ಬೆಳ್ಳಗಿನ, ಎತ್ತರದ, ಮನುಷ್ಯನಂಥವನೇ ಅಂದಿತು. ಆ ಬೆರಗು ಅಲ್ಲಿಗೆ ಹೋಯಿತು. ‘ಸ್ಟಾರ್ ವಾರ್ಸ್’ ಸಿನಿಮಾಗಳಲ್ಲಿ ಎಲ್ಲ ಜೀವಿಗಳನ್ನೂ ಬೆಸೆಯುವ, ಕಣ್ಣಿಗೆ ಕಾಣದ ಶಕ್ತಿ ‘ಫೋರ್ಸ್’ಗೂ ಹೀಗೇ ಆಯಿತು. 1977ರಲ್ಲಿ ಅದು ಶ್ರದ್ಧೆಯ ವಿಷಯವಾಗಿತ್ತು. 1999ರಲ್ಲಿ ಜಾರ್ಜ್ ಲ್ಯೂಕಸ್ ಮಿಡಿಕ್ಲೋರಿಯನ್ ಅನ್ನುವ ಸೂಕ್ಷ್ಮಜೀವಿಗಳನ್ನು ತಂದು, ರಕ್ತ ಪರೀಕ್ಷೆಯಲ್ಲಿ ಎಣಿಸಬಹುದು ಅಂತ ಮಾಡಿದರು. 2018ರ ‘ಸೋಲೋ’ದಲ್ಲಿ ಅದೇ ಸರಣಿಯ ನಾಯಕರಲ್ಲೊಬ್ಬನಾದ ಹಾನ್ ಸೋಲೋಗೆ ಸೋಲೋ (ಒಂಟಿ) ಅನ್ನುವ ಹೆಸರು ಹೇಗೆ ಬಂತು ಅಂತಲೂ ತೋರಿಸಿದರು. ಒಂಟಿಯಾಗಿ ಬಂದಿದ್ದಾನೆ ಅಂತ ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರಿ ಇಟ್ಟ ಹೆಸರಂತೆ. ಅದನ್ನು ತಿಳಿದು ಆ ಮನುಷ್ಯನ ಬಗ್ಗೆ ನಮಗೆ ಹೊಸದೇನು ಗೊತ್ತಾಯಿತು?

ಹೊಂದಾಣಿಕೆ ತಪ್ಪುವ ಜಾಗಗಳೂ ಇವೆ. ‘ಸ್ಟಾರ್ ವಾರ್ಸ್’ನ 1983ರ ಸಿನಿಮಾದಲ್ಲಿ ನಾಯಕಿ ಲೇಯಾ ತನ್ನ ಹೆತ್ತ ತಾಯಿ ಸ್ವಲ್ಪ ನೆನಪಿದ್ದಾಳೆ ಅನ್ನುತ್ತಾಳೆ. ಹಿಂದಿನ ಕತೆ ಹೇಳುವ 2005ರ ಸಿನಿಮಾದಲ್ಲಿ ನೋಡಿದರೆ ಆ ತಾಯಿ ಹೆರಿಗೆಯಲ್ಲೇ ತೀರಿಕೊಳ್ಳುತ್ತಾಳೆ. ಅಭಿಮಾನಿಗಳು ಇಂಥವನ್ನು ಹುಡುಕಿ ಹುಡುಕಿ ತೆಗೆಯುತ್ತಾರೆ. ನನಗೆ ಇವು ಅಷ್ಟೇನೂ ದೊಡ್ಡ ತಪ್ಪು ಅನ್ನಿಸುವುದಿಲ್ಲ.

ದೊಡ್ಡದು ‘ಸ್ಟಾರ್ ವಾರ್ಸ್’ ಪ್ರೀಕ್ವೆಲ್‌ಗಳ ನಾಯಕ ಆನಕಿನ್ ವಿಷಯ. ಒಬ್ಬ ಒಳ್ಳೆಯ ಹುಡುಗ ಹಳೆಯ ಸಿನಿಮಾಗಳ ಖಳನಾಯಕ ಡಾರ್ತ್ ವೇಡರ್ ಆಗುವುದು ಹೇಗೆ? ಮೂರು ಸಿನಿಮಾ ನಿಂತಿರುವುದೇ ಈ ಒಂದು ಪ್ರಶ್ನೆಯ ಮೇಲೆ. ಕಾರಣವೂ ಗಟ್ಟಿಯಾಗಿಯೇ ಇದೆ. ಹೆಂಡತಿ ಹೆರಿಗೆಯಲ್ಲಿ ಸಾಯುವ ಕನಸು ಬೀಳುತ್ತದೆ, ಅವಳನ್ನು ಉಳಿಸುವ ವಿದ್ಯೆ ಇದೆ ಅಂತ, ಗುಟ್ಟಾಗಿ ದುಷ್ಟಶಕ್ತಿಯ ಗುರುವಾಗಿರುವ ಪ್ಯಾಲ್ಪಟೀನ್ ಆಸೆ ಹುಟ್ಟಿಸುತ್ತಾನೆ. ಭೀಷ್ಮ, ಅಂಬೆಯರ ಮಟ್ಟದ ಬಿಕ್ಕಟ್ಟು ಇದು. ಆದರೆ 2005ರ ಸಿನಿಮಾದಲ್ಲಿ, ‘ನಾನು ಏನು ಮಾಡಿಬಿಟ್ಟೆ’ ಎಂದು ಗೋಳಾಡಿದವನು ಕೆಲವೇ ನಿಮಿಷದಲ್ಲಿ ಮಂಡಿಯೂರಿ ಪ್ಯಾಲ್ಪಟೀನ್‌ನ ಶಿಷ್ಯನಾಗುತ್ತಾನೆ. ಅಲ್ಲಿಂದ ನೇರವಾಗಿ ಹೋಗಿ ಫೋರ್ಸ್ ಬಲ್ಲ ಯೋಧರಾದ ಜೆಡೈಗಳ ಮಂದಿರದ ಪುಟ್ಟ ಮಕ್ಕಳನ್ನು ಕೊಲ್ಲುತ್ತಾನೆ. ಹೆಂಡತಿಯನ್ನು ಉಳಿಸಬೇಕು ಅನ್ನುವುದರಿಂದ ಮಕ್ಕಳನ್ನು ಕೊಲ್ಲುವ ತನಕ ಇರುವ ದಾರಿಯನ್ನು ನಡೆದು ತೋರಿಸಬೇಕಿತ್ತು. ಮೊದಲ ಸಿನಿಮಾದಲ್ಲಿ ವ್ಯಾಪಾರದ ತೆರಿಗೆ ಜಗಳಕ್ಕೆ ಕೊಟ್ಟ ಸಮಯವನ್ನು ಇದಕ್ಕೆ ಕೊಡಬಹುದಿತ್ತು, ಅಲ್ವಾ? 2008ರಿಂದ ಬಂದ ‘ದಿ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ ಈ ದಾರಿಯನ್ನು ಸಾಕಷ್ಟು ತುಂಬಿಕೊಟ್ಟಿತು. ಅದನ್ನು ನೋಡಿ ಬೆಳೆದವರು ಈಗ ಆ ಸಿನಿಮಾಗಳನ್ನು ತುಂಬಾ ಪ್ರೀತಿಸುತ್ತಾರೆ. ಅವರ ಪ್ರೀತಿಯನ್ನು ಗೌರವಿಸುತ್ತೇನೆ. ಆದರೂ ಸಿನಿಮಾದ ಮುಖ್ಯ ಕೆಲಸವನ್ನು ಸಿನಿಮಾವೇ ಮಾಡಬೇಕು.

ಚೆನ್ನಾಗಿ ಬರೆದವೂ ಇವೆ. 2011ರ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ನೋಡಿ. ಭೂಮಿ ವಾನರರ ಕೈಗೆ ಹೋಗುತ್ತದೆ ಅಂತ 1968ರ ಮೊದಲ ಸಿನಿಮಾದಿಂದಲೇ ಗೊತ್ತು. ಸೀಸರ್ ಅನ್ನುವ ಚಿಂಪಾಂಜಿಯನ್ನು ವಿಜ್ಞಾನಿಯೊಬ್ಬ ಮನೆಮಗನ ಹಾಗೆ ಸಾಕುತ್ತಾನೆ. ಮರೆವಿನ ಕಾಯಿಲೆ ಇರುವ ಅಜ್ಜನ (ವಿಜ್ಞಾನಿಯ ಅಪ್ಪನ) ಮೇಲೆ ಪಕ್ಕದ ಮನೆಯವನು ಕೈ ಮಾಡಿದಾಗ ಸೀಸರ್ ಅವನ ಮೇಲೆ ಎರಗುತ್ತಾನೆ. ಅದಕ್ಕೆ ಅವನನ್ನು ಪಂಜರಕ್ಕೆ ಹಾಕುತ್ತಾರೆ. ಕೊನೆಗೊಮ್ಮೆ ಸಾಕಿದವನು ಬಂದು ಬಾಗಿಲು ತೆಗೆಸಿ, ಬಾ ಮನೆಗೆ ಅಂದಾಗ ಸೀಸರ್ ಹೊರಗೆ ಬರುವುದಿಲ್ಲ. ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಹೊತ್ತಿಗೆ ಅವನು ನಮಗೆ ಗೊತ್ತಿರುತ್ತಾನೆ.

ಹಳೆಯದನ್ನು ವಿವರಿಸಲೇಬಾರದು ಅಂತಲೂ ನಾನು ಹೇಳುವುದಿಲ್ಲ. ‘ಸ್ಟಾರ್ ವಾರ್ಸ್’ನಲ್ಲಿ ಗ್ರಹವನ್ನೇ ಸಿಡಿಸಬಲ್ಲ ಅಷ್ಟು ದೊಡ್ಡ ಯುದ್ಧನೌಕೆ ಡೆತ್ ಸ್ಟಾರ್ ಒಂದು ಚಿಕ್ಕ ಕಿಂಡಿಯಿಂದ ಸಿಡಿದುಹೋಗುವುದು 1977ರಿಂದ ಜನರ ತಮಾಷೆಗೆ ವಸ್ತುವಾಗಿತ್ತು. 2016ರ ‘ರೋಗ್ ಒನ್’ ಅದಕ್ಕೆ ಕಾರಣ ಕೊಟ್ಟಿತು. ಬಲವಂತವಾಗಿ ಕೆಲಸಕ್ಕೆ ಹಚ್ಚಿದ ಎಂಜಿನಿಯರ್ ಒಬ್ಬ, ಹೆಂಡತಿಯನ್ನು ಕೊಂದವರ ಮೇಲಿನ ಸೇಡಿಗೆ, ಬೇಕೆಂದೇ ಆ ದುರ್ಬಲ ಜಾಗ ಬಿಟ್ಟಿದ್ದ. ಒಂದು ಕಿಂಡಿಯ ಹಿಂದೆ ಇಡೀ ಒಂದು ಬದುಕು ಬಂದು ನಿಂತಿತು. ಈಗ ಹಳೆಯ ಸಿನಿಮಾ ನೋಡಿದರೆ ಆ ಕೊನೆಯ ಗುಂಡಿನ ತೂಕವೇ ಬೇರೆ.

ನೀವು ಕೇಳಿಲ್ಲ, ಆದರೆ ಜೊತೆಗೇ ಬರುವ ಪ್ರಶ್ನೆ ಒಂದಿದೆ: ಯಾವುದನ್ನು ಮೊದಲು ನೋಡಬೇಕು? ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಮಕ್ಕಳಿಗೆ ತೋರಿಸುವುದಾದರೂ ಅಷ್ಟೇ. ‘ಸ್ಟಾರ್ ವಾರ್ಸ್’ ಅನ್ನು ಕತೆಯ ಕಾಲದ ಕ್ರಮ ಹಿಡಿದು 1999ರದ್ದರಿಂದ ಶುರು ಮಾಡಿದರೆ, ವೇಡರ್ ಯಾರ ಅಪ್ಪ ಅನ್ನುವ 1980ರ ಗುಟ್ಟು ಸುಮ್ನೆ ಹಾಳಾಗುತ್ತದೆ. ‘ರೋಗ್ ಒನ್’ನ ಹಿಂದಿನ ಕತೆಯಾಗಿ 2022 ಮತ್ತು 2025ರಲ್ಲಿ ಬಂದ ‘ಆಂಡೋರ್’ ಸರಣಿಯನ್ನು ಮಾತ್ರ ‘ರೋಗ್ ಒನ್’ ಆದ ಮೇಲೆ ನೋಡಿ, ಮುಗಿದ ಕೂಡಲೇ ‘ರೋಗ್ ಒನ್’ ಇನ್ನೊಮ್ಮೆ ಹಾಕಿ. ಸರಣಿಯ ಕೊನೆಯ ಕಂತಿನಲ್ಲಿ ನಾಯಕ ಕ್ಯಾಸಿಯನ್ ಹೊರಡುವ ಪ್ರಯಾಣವೇ ಸಿನಿಮಾದಲ್ಲಿ ಅವನ ಮೊದಲ ದೃಶ್ಯಕ್ಕೆ ಬಂದು ಸೇರುತ್ತದೆ.