ನಿದ್ದೆ ಮಾತ್ರೆ ಬಿಟ್ಟ ಮೂರನೆಯ ರಾತ್ರಿ

ಮುಂಬಯಿಯ ಮಾಟುಂಗಾದಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವ ಕನ್ನಡಿಗರಲ್ಲಿ ಹೋಟೆಲು ವ್ಯವಹಾರದವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಡೊಂಬಿವಲಿ ಮತ್ತು ಥಾಣೆಯಿಂದ ಲೋಕಲ್ ಹಿಡಿದು ಬರುವ ಗೃಹಿಣಿಯರಿದ್ದಾರೆ. ಮೆದುಳಿಗೆ ಸಂಬಂಧಿಸಿದ ಯಾವ ಔಷಧ ಬರೆದುಕೊಟ್ಟರೂ ಅವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಡಾಕ್ಟ್ರೇ, ಇದು ಅಭ್ಯಾಸ ಆಗ್ತದಾ?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳುವವರಲ್ಲಿ ಹಲವರು, ಯಾವ ಮಾತ್ರೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಿತ್ತೋ ಅದೇ ಮಾತ್ರೆಯನ್ನು ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗುತ್ತಿರುತ್ತಾರೆ.

ಐವತ್ತು ದಾಟಿದ ಹೋಟೆಲು ಮ್ಯಾನೇಜರೊಬ್ಬರನ್ನು ಅವರ ಮಗ ಕರೆತಂದಿದ್ದರು. ದೈವದ ನೇಮಕ್ಕೆಂದು ಊರಿಗೆ ಹೋಗಿದ್ದಾಗ ಅವರಿಗೆ ಜೀವನದಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದಿತ್ತು. ಅಲ್ಲಿಯೇ ಎಂಆರ್‌ಐ ಆಗಿತ್ತು, ಇಇಜಿ ಆಗಿತ್ತು, ರಕ್ತದ ಸಕ್ಕರೆ ಮತ್ತು ಸೋಡಿಯಂ ನೋಡಿಯಾಗಿತ್ತು; ಎಲ್ಲವೂ ಸರಿಯಾಗಿಯೇ ಇದ್ದವು. “ಬಿಪಿ ಮಾತ್ರೆ ಒಂದು ಬಿಟ್ರೆ ಅಪ್ಪನಿಗೆ ಬೇರೆ ಏನೂ ಇಲ್ಲ ಡಾಕ್ಟ್ರೇ” ಎಂದು ಮಗ ಹೇಳಿದರು. ರಾತ್ರಿ ನಿದ್ದೆ ಹೇಗೆ ಎಂದು ನಾನು ತಂದೆಯನ್ನೇ ಕೇಳಿದಾಗ ಅವರು ಪರ್ಸಿನಿಂದ ಕತ್ತರಿಸಿದ ಸ್ಟ್ರಿಪ್ಪಿನ ಒಂದು ಚೂರನ್ನು ತೆಗೆದು ಮೇಜಿನ ಮೇಲಿಟ್ಟರು. ಮಾತ್ರೆಗಳು ಖಾಲಿಯಾಗಿದ್ದವು, ಹೆಸರಿನ ಮೊದಲರ್ಧ ಹರಿದುಹೋಗಿ ‘ಝೋಲಾಮ್ 0.5’ ಎಂಬಷ್ಟು ಮಾತ್ರ ಉಳಿದಿತ್ತು. “ಇದು ಮದ್ದಲ್ಲ ಡಾಕ್ಟ್ರೇ, ನಿದ್ದೆಗೆ ಅಷ್ಟೇ” ಎಂದರು. ರಾತ್ರಿ ಎರಡು, ಹಗಲು ಎದೆ ಹೊಡೆದುಕೊಂಡಾಗ ಇನ್ನೊಂದೆರಡು, ಹೀಗೆ ಆರು ವರ್ಷ ನಡೆದಿತ್ತು. ಊರಿಗೆ ಹೋದ ಮೇಲೆ ಮಾತ್ರೆ ಮುಗಿಯಿತು. ಚೀಟಿಯಿಲ್ಲದೆ ಕೊಡುವುದಿಲ್ಲವೆಂದು ಅಲ್ಲಿನ ಮೆಡಿಕಲ್ ಸ್ಟೋರಿನವರು ಸರಿಯಾಗಿಯೇ ಹೇಳಿದರು. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎರಡನೆಯ ದಿನ ಕೈ ನಡುಗಿತು, ಬೆವರಿತು, ಚೆಂಡೆಯ ಸದ್ದು ಸಹಿಸಲಾಗಲಿಲ್ಲ. ಮೂರನೆಯ ರಾತ್ರಿ ಫಿಟ್ಸ್ ಬಂತು. ಅವರ ಫೈಲಿನಲ್ಲಿ ಎಲ್ಲ ವರದಿಗಳೂ ಇದ್ದವು, ಈ ಮಾತ್ರೆಯ ಹೆಸರೊಂದು ಇರಲಿಲ್ಲ. ಮನೆಯವರು ಮುಚ್ಚಿಟ್ಟದ್ದಲ್ಲ, ನಿದ್ದೆ ಮಾತ್ರೆಯನ್ನು ಔಷಧಗಳ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ತೋಚಿರಲಿಲ್ಲ.

ಈ ಮೂರು ದಿನಗಳಲ್ಲಿ ಅವರ ಮೆದುಳಿನೊಳಗೆ ಏನಾಯಿತೆಂದು ತಿಳಿಯಲು ನರಕೋಶದಿಂದಲೇ ಆರಂಭಿಸಬೇಕು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸುಮ್ಮನಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಈ ಅಂತರ ಒಂದು ಮಿತಿಯವರೆಗೆ ಕುಗ್ಗಿದಾಗ ಕೋಶವು ಸಂಕೇತವನ್ನು ಹೊರಡಿಸುತ್ತದೆ, ಅಂತರ ಹೆಚ್ಚಿದರೆ ಸುಮ್ಮನಾಗುತ್ತದೆ. ಒಂದು ಕೋಶದ ತುದಿಯಿಂದ ಬಿಡುಗಡೆಯಾಗುವ ರಾಸಾಯನಿಕವು ಮುಂದಿನ ಕೋಶದ ಮೇಲಿರುವ ರಿಸೆಪ್ಟರ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಈ ಎರಡರಲ್ಲಿ ಒಂದನ್ನು ಮಾಡಿಸುತ್ತದೆ. ಮೆದುಳಿನಲ್ಲಿ ಪ್ರಚೋದಿಸುವ ಕೆಲಸದ ಬಹುಪಾಲನ್ನು ಗ್ಲುಟಮೇಟ್ ಮಾಡಿದರೆ, ತಣಿಸುವ ಕೆಲಸದ ಬಹುಪಾಲನ್ನು ಗಾಬಾ ಮಾಡುತ್ತದೆ. ಗಾಬಾ ಮೆದುಳಿನಲ್ಲಿದೆ ಎಂಬುದು ಪತ್ತೆಯಾದದ್ದು 1950ರಲ್ಲಿ. ನಾವು ಎಚ್ಚರವಾಗಿರುವುದು, ನಿದ್ರಿಸುವುದು, ಗಾಬರಿಯಾಗುವುದು, ಸಮಾಧಾನಗೊಳ್ಳುವುದು, ಎಲ್ಲವೂ ಈ ಎರಡರ ನಡುವಿನ ಸಮತೋಲವನ್ನು ಬಹುಮಟ್ಟಿಗೆ ಅವಲಂಬಿಸಿವೆ.

ಗಾಬಾ-ಎ ರಿಸೆಪ್ಟರ್ ಐದು ತುಂಡುಗಳು ವೃತ್ತಾಕಾರವಾಗಿ ಸೇರಿ ಆದದ್ದು, ನಡುವೆ ಒಂದು ಕಿರುದಾರಿಯಿದೆ. ಗಾಬಾ ಬಂದು ಕೂತಾಗ ಈ ದಾರಿ ತೆರೆದು ಋಣ ವಿದ್ಯುದಂಶವಿರುವ ಕ್ಲೋರೈಡ್ ಅಯಾನುಗಳು ಒಳಗೆ ಬರುತ್ತವೆ, ಕೋಶ ತಣಿಯುತ್ತದೆ. ಅಲ್ಪ್ರಝೋಲಾಮ್ (ಮ್ಯಾನೇಜರರ ಸ್ಟ್ರಿಪ್ಪಿನಲ್ಲಿದ್ದದ್ದು ಇದೇ), ಕ್ಲೋನಜೆಪಾಮ್, ಡಯಾಜೆಪಾಮ್, ಲೊರಾಜೆಪಾಮ್ ಇವೆಲ್ಲ ಬೆಂಜೊಡಯಾಜೆಪಿನ್ ಎಂಬ ಒಂದೇ ಗುಂಪಿಗೆ ಸೇರಿದವು. ಅವು ಅದೇ ರಿಸೆಪ್ಟರಿನ ಬೇರೊಂದು ಜಾಗದಲ್ಲಿ, ಆಲ್ಫಾ ಮತ್ತು ಗಾಮಾ ಎಂಬ ತುಂಡುಗಳ ಸಂದಿನಲ್ಲಿ ಕೂರುತ್ತವೆ. ಈ ಮಾತ್ರೆಗಳು ದಾರಿಯನ್ನು ತಾವಾಗಿ ತೆರೆಯುವುದಿಲ್ಲ, ಗಾಬಾ ಇದ್ದಾಗ ದಾರಿ ಹೆಚ್ಚು ಸಲ ತೆರೆದುಕೊಳ್ಳುವಂತೆ ಮಾಡುತ್ತವೆ. ಇವಕ್ಕಿಂತ ಮೊದಲು ಬಳಕೆಯಲ್ಲಿದ್ದ ಬಾರ್ಬಿಟುರೇಟುಗಳು ದಾರಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತಿದ್ದವು, ಪ್ರಮಾಣ ಮೀರಿದರೆ ಗಾಬಾ ಇಲ್ಲದೆಯೂ ತೆರೆದು ಉಸಿರಾಟವನ್ನೇ ನಿಲ್ಲಿಸುತ್ತಿದ್ದವು. ಆದ್ದರಿಂದಲೇ ಬೆಂಜೊಡಯಾಜೆಪಿನ್ ಗುಂಪಿನ ಕ್ಲೋರ್ಡಯಾಜೆಪಾಕ್ಸೈಡ್ 1960ರಲ್ಲಿ, 1963ರಲ್ಲಿ ಡಯಾಜೆಪಾಮ್ ಮಾರುಕಟ್ಟೆಗೆ ಬಂದಾಗ ವೈದ್ಯಲೋಕ ನೆಮ್ಮದಿಯ ಉಸಿರುಬಿಟ್ಟಿತು. ಆ ನೆಮ್ಮದಿಗೆ ಕಾರಣವಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ. ನಿಲ್ಲದ ಫಿಟ್ಸ್‌ನೊಂದಿಗೆ ಬಂದ ರೋಗಿಗೆ ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟು, ಕೆಲವೇ ನಿಮಿಷಗಳಲ್ಲಿ ದೇಹ ಸಡಿಲಗೊಳ್ಳುವುದನ್ನು ನೋಡಿದ ಯಾವ ವೈದ್ಯರೂ ಈ ಔಷಧಗಳನ್ನು ಕೆಟ್ಟವೆಂದು ಹೇಳಲಾರರು.

ತೊಂದರೆ ಶುರುವಾಗುವುದು ಮಾತ್ರೆ ದಿನವೂ ಒಳಗೆ ಹೋಗತೊಡಗಿದಾಗ. ಮೆದುಳು ತನ್ನ ಸಮತೋಲವನ್ನು ತಾನೇ ಕಾಪಾಡಿಕೊಳ್ಳುವ ಅಂಗ. ಹೊರಗಿನಿಂದ ತಣಿಸುವಿಕೆ ದಿನವೂ ಸಿಗುತ್ತಿದ್ದರೆ ಅದು ತನ್ನ ಕಡೆಯ ಏರ್ಪಾಟನ್ನು ಬದಲಾಯಿಸಿಕೊಳ್ಳುತ್ತದೆ: ಮಾತ್ರೆ ಕೂತರೂ ರಿಸೆಪ್ಟರ್ ಮೊದಲಿನಷ್ಟು ಸ್ಪಂದಿಸುವುದಿಲ್ಲ, ರಿಸೆಪ್ಟರಿನ ತುಂಡುಗಳ ಜೋಡಣೆಯಲ್ಲಿಯೇ ವ್ಯತ್ಯಾಸವಾಗುತ್ತದೆ, ಮತ್ತೊಂದು ಕಡೆ ಗ್ಲುಟಮೇಟಿನ ಪ್ರಚೋದನೆ ಬಲಗೊಳ್ಳುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರುವಾಗ ಭಟ್ಟರೂ ಮಾಣಿಗಳೂ ತಮಗೆ ಗೊತ್ತಿಲ್ಲದೆಯೇ ಧ್ವನಿ ಏರಿಸಿ ಮಾತಾಡುತ್ತಾರೆ, ಕರೆಂಟು ಹೋಗಿ ಫ್ಯಾನು ಥಟ್ಟನೆ ನಿಂತರೂ ಸ್ವಲ್ಪ ಹೊತ್ತು ಅದೇ ಏರುಧ್ವನಿಯಲ್ಲಿ ಕೂಗುತ್ತಲೇ ಇರುತ್ತಾರೆ. ಮಾತ್ರೆ ನಿಂತ ಮೆದುಳಿನ ಸ್ಥಿತಿಯೂ ಹಾಗೆಯೇ. ವ್ಯತ್ಯಾಸವಿಷ್ಟೇ, ಅಡುಗೆಮನೆಯ ಧ್ವನಿ ನಿಮಿಷದಲ್ಲಿ ಇಳಿದರೆ ಮೆದುಳಿನ ಪ್ರಚೋದನೆ ಇಳಿಯಲು ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕು. ಆ ಏರಿದ ಪ್ರಚೋದನೆಯೇ ನಡುಕ, ಬೆವರು, ಸದ್ದು-ಬೆಳಕು ಸಹಿಸಲಾಗದ ಸ್ಥಿತಿ. ಅದು ಮಿತಿ ಮೀರಿದರೆ ಫಿಟ್ಸ್.

ಮೆದುಳಿನ ಈ ಹೊಂದಾಣಿಕೆ ಎಲ್ಲ ಪರಿಣಾಮಗಳಿಗೂ ಒಂದೇ ವೇಗದಲ್ಲಿ ಆಗುವುದಿಲ್ಲ. ನಿದ್ದೆ ಬರಿಸುವ ಗುಣ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ನೆನಪಿನ ಮೇಲಿನ ದುಷ್ಪರಿಣಾಮ ಮಾತ್ರ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಅಂದರೆ ಬೇಕಾದದ್ದು ಬೇಗ ಹೋಗುತ್ತದೆ, ಬೇಡವಾದದ್ದು ಉಳಿಯುತ್ತದೆ. ಹಾಗಾದರೆ ವರ್ಷಗಟ್ಟಲೆ ತೆಗೆದುಕೊಂಡವರು ‘ಮಾತ್ರೆಯಿಲ್ಲದಿದ್ದರೆ ನಿದ್ದೆಯೇ ಇಲ್ಲ’ ಎನ್ನುವುದೇಕೆ? ಒಂದು ರಾತ್ರಿ ಬಿಟ್ಟು ನೋಡಿದಾಗ ಬರುವ ನಿದ್ರಾಹೀನತೆಯು ಹಳೆಯ ಕಾಯಿಲೆ ಮರಳಿದ್ದೆಂದು ಅವರು ತಿಳಿಯುತ್ತಾರೆ. ಬಹಳ ಸಲ ಅದು ಮಾತ್ರೆಯೇ ಉಂಟುಮಾಡಿದ, ಮೂಲದ ತೊಂದರೆಗಿಂತಲೂ ತೀವ್ರವಾದ ಮರುಪ್ರತಿಕ್ರಿಯೆ. ಮಾತ್ರೆಯ ನಿದ್ದೆಯೂ ಸಹಜ ನಿದ್ದೆಯೂ ಒಂದೇ ಅಲ್ಲ. ಈ ಔಷಧಗಳು ನಿದ್ದೆಯ ನಡುಹಂತವನ್ನು ಹೆಚ್ಚಿಸಿ ಗಾಢನಿದ್ದೆಯ ಪಾಲನ್ನು ಕಡಿಮೆ ಮಾಡುತ್ತವೆ.

ಫಿಟ್ಸ್ ಮೊದಲ ರಾತ್ರಿಯೇ ಬಾರದೆ ಮೂರನೆಯ ರಾತ್ರಿ ಬಂದದ್ದೇಕೆಂದು ಮಗ ಕೇಳಿದರು. ಉತ್ತರ ಔಷಧದ ಅರ್ಧಾಯುಷ್ಯದಲ್ಲಿದೆ, ಅಂದರೆ ರಕ್ತದಲ್ಲಿನ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಸಮಯದಲ್ಲಿ. ಅಲ್ಪ್ರಝೋಲಾಮ್‌ನ ಅರ್ಧಾಯುಷ್ಯ ಆರೋಗ್ಯವಂತ ವಯಸ್ಕರಲ್ಲಿ ಸುಮಾರು 11 ಗಂಟೆ. ಎರಡು ದಿನಗಳಲ್ಲಿ ಅದು ಬಹುಪಾಲು ಖಾಲಿಯಾಗುತ್ತದೆ, ಮೆದುಳಿನ ಏರ್ಪಾಟು ಮಾತ್ರ ಹಾಗೆಯೇ ಇರುತ್ತದೆ. ಕ್ಲೋನಜೆಪಾಮ್‌ನ ಅರ್ಧಾಯುಷ್ಯ 30ರಿಂದ 40 ಗಂಟೆ. ಡಯಾಜೆಪಾಮ್ ಇನ್ನೂ ನಿಧಾನ, ದೇಹದಲ್ಲಿ ಅದು ಬದಲಾಗಿ ಉಂಟಾಗುವ ವಸ್ತುವಿನ ಅರ್ಧಾಯುಷ್ಯ 100 ಗಂಟೆಯವರೆಗೂ ಹೋಗಬಹುದು. ಈ ಎರಡನ್ನು ನಿಲ್ಲಿಸಿದವರಿಗೆ ಮೊದಲ ಮೂರು-ನಾಲ್ಕು ದಿನ ಏನೂ ಆಗದೆ, ‘ಬಿಟ್ಟೇಬಿಟ್ಟೆ’ ಎಂಬ ಧೈರ್ಯ ಬಂದ ಮೇಲೆ ತೊಂದರೆ ಕಾಣಿಸಿಕೊಳ್ಳುವುದುಂಟು. ಆಗ ಅದಕ್ಕೂ ಮಾತ್ರೆಗೂ ಇರುವ ಸಂಬಂಧವನ್ನು ಯಾರೂ ಗುರುತಿಸುವುದಿಲ್ಲ. ಇನ್ನೊಂದು ಮಾತು: 0.5 ಎಂಬ ಅಂಕಿಯನ್ನು ನೋಡಿ ಚಿಕ್ಕ ಡೋಸೆಂದು ಭಾವಿಸಬಾರದು. ಅಲ್ಪ್ರಝೋಲಾಮ್‌ನ ಅರ್ಧ ಮಿಲಿಗ್ರಾಂ ಡಯಾಜೆಪಾಮ್‌ನ 5ರಿಂದ 10 ಮಿಲಿಗ್ರಾಂಗೆ ಸಮ.

ಔಷಧವನ್ನು ನಿಲ್ಲಿಸದೆಯೂ ಇದೇ ಸ್ಥಿತಿ ಬರಬಹುದು. ಅಲ್ಪ್ರಝೋಲಾಮನ್ನು ಯಕೃತ್ತಿನ ಒಂದು ಎಂಜೈಮ್ ಕರಗಿಸುತ್ತದೆ; ಕ್ಷಯದ ಚಿಕಿತ್ಸೆಯಲ್ಲಿ ಕೊಡುವ ರಿಫಾಂಪಿಸಿನ್ ಆ ಎಂಜೈಮಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಮುಂಬಯಿಯಲ್ಲಿ ಕ್ಷಯ ಅಪರೂಪವಲ್ಲ. ಟಿಬಿ ಮಾತ್ರೆ ಶುರುವಾದ ಮೇಲೆ ನಿದ್ದೆಗೆಟ್ಟು ನಡುಗತೊಡಗಿದವರು ‘ಟಿಬಿ ಮದ್ದು ಆಗಿಬರಲಿಲ್ಲ’ ಎಂದು ಅದನ್ನು ಬಿಟ್ಟುಬಿಟ್ಟರೆ ಅನಾಹುತ ಎರಡು ಪಟ್ಟು. ಕೆಲವು ಆ್ಯಂಟಿಬಯೋಟಿಕ್‌ಗಳು, ಉದಾಹರಣೆಗೆ ಕ್ಲಾರಿಥ್ರೋಮೈಸಿನ್, ಇದೇ ಎಂಜೈಮನ್ನು ತಡೆಹಿಡಿದು ಮಾತ್ರೆಯ ಮತ್ತನ್ನು ಹೆಚ್ಚಿಸುತ್ತವೆ. ಮದ್ಯವಂತೂ ಅದೇ ಗಾಬಾ ರಿಸೆಪ್ಟರಿನ ಮೇಲೆ ಕೆಲಸ ಮಾಡುತ್ತದೆ. ಹೋಟೆಲು ಮುಚ್ಚಿ ಒಂದು ಗಂಟೆಗೆ ಮನೆ ಸೇರಿ ಎರಡು ಪೆಗ್ಗಿನ ಮೇಲೆ ಮಾತ್ರೆ ನುಂಗುವವರಿಗೆ ನಾನು ನೇರವಾಗಿಯೇ ಹೇಳುತ್ತೇನೆ: ಇವೆರಡೂ ಸೇರಿದಾಗ ಉಸಿರಾಟ ಕುಗ್ಗಿ ನಿದ್ದೆಯಲ್ಲಿಯೇ ಪ್ರಾಣ ಹೋಗಬಹುದು.

ಅರವತ್ತೈದು ದಾಟಿದವರಲ್ಲಿ ಔಷಧ ಹೆಚ್ಚು ಹೊತ್ತು ಉಳಿಯುತ್ತದೆ, ಮೆದುಳೂ ಅದಕ್ಕೆ ಹೆಚ್ಚು ಸ್ಪಂದಿಸುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವುದು, ಸೊಂಟದ ಮೂಳೆ ಮುರಿಯುವುದು, ಹಗಲಿನ ಮರೆವು ಇವಕ್ಕೆಲ್ಲ ವಯಸ್ಸನ್ನೇ ದೂರುವ ಮೊದಲು ಅಮ್ಮನ ದಿಂಬಿನಡಿಯ ಸ್ಟ್ರಿಪ್ಪನ್ನು ಒಮ್ಮೆ ನೋಡಬೇಕು.

ಇಷ್ಟು ಹೇಳಿದ ಮೇಲೆ ತಪ್ಪು ಅರ್ಥ ಬಾರದಂತೆ ಇನ್ನೊಂದನ್ನು ಹೇಳಲೇಬೇಕು. ‘ಮೆದುಳಿನ ಮಾತ್ರೆಗಳೆಲ್ಲ ಅಭ್ಯಾಸವಾಗುತ್ತವೆ’ ಎಂಬ ಭಯದಿಂದ ಮೂರ್ಛೆರೋಗದ ಮಾತ್ರೆಯನ್ನು ತಾವಾಗಿ ನಿಲ್ಲಿಸಿ, ನಿಲ್ಲದ ಫಿಟ್ಸ್‌ನೊಂದಿಗೆ ಐಸಿಯು ಸೇರಿದ ಹದಿಹರೆಯದವರನ್ನು ನೋಡಿದ್ದೇನೆ, ಆ ನೋವು ಮರೆಯುವಂಥದ್ದಲ್ಲ. ಲೆವೆಟಿರಸೆಟಾಮ್, ವಾಲ್‌ಪ್ರೊಯೇಟ್ ಮೊದಲಾದ ಮೂರ್ಛೆರೋಗದ ಮಾತ್ರೆಗಳು ಅಮಲು ತರಿಸುವುದಿಲ್ಲ, ಹೆಚ್ಚು ಬೇಕೆನ್ನಿಸುವ ಹಂಬಲ ಹುಟ್ಟಿಸುವುದಿಲ್ಲ. ಅವುಗಳನ್ನು ಥಟ್ಟನೆ ನಿಲ್ಲಿಸಬಾರದೆನ್ನುವುದು ಅವು ತಡೆಹಿಡಿದಿದ್ದ ರೋಗ ಮರುಕಳಿಸುತ್ತದೆಂಬ ಕಾರಣಕ್ಕೆ. ಖಿನ್ನತೆಯ ಮಾತ್ರೆಗಳ ಕೆಲಸವೂ ಬೇರೆ. ಅವುಗಳ ಪೂರ್ಣ ಪರಿಣಾಮ ಕಾಣಲು ಹಲವು ವಾರಗಳು ಬೇಕು, ಅವುಗಳನ್ನೂ ನಿಧಾನವಾಗಿ ಇಳಿಸಿಯೇ ನಿಲ್ಲಿಸಬೇಕು. ಬೆಂಜೊಡಯಾಜೆಪಿನ್‌ಗಳೂ ಕೆಲವು ದಿನಗಳ, ಕೆಲವು ವಾರಗಳ ಬಳಕೆಗೆ ಒಳ್ಳೆಯ ಔಷಧಗಳೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅವಲಂಬನೆ ಮತ್ತು ನಿಲುಗಡೆಯ ತೊಂದರೆಗಳ ಬಗ್ಗೆ ಇವುಗಳ ಲೇಬಲ್ಲಿನ ಎಚ್ಚರಿಕೆಯನ್ನು ಕಟುಗೊಳಿಸಿತು. ನಮ್ಮಲ್ಲಿಯೂ ಅಲ್ಪ್ರಝೋಲಾಮ್, ಡಯಾಜೆಪಾಮ್, ನಿದ್ದೆಗೆ ಕೊಡುವ ಇನ್ನೊಂದು ಮಾತ್ರೆ ಝೋಲ್ಪಿಡೆಮ್ ಇವು ಔಷಧ ನಿಯಮಗಳ ಶೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿವೆ: ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಯಮ ಹೀಗಿದ್ದರೂ ಪರಿಚಯದ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರುವುದು ನಡೆದೇ ಇದೆ.

ಬಿಡುವ ದಾರಿ ಇದೆ, ಆದರೆ ನಿಧಾನ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆಗಳನ್ನು ಬಿಡಿಸುವ ಕ್ಲಿನಿಕ್ ನಡೆಸಿದರು. ಬೇಗ ಖಾಲಿಯಾಗುವ ಮಾತ್ರೆಯಿಂದ ನಿಧಾನವಾಗಿ ಖಾಲಿಯಾಗುವ ಡಯಾಜೆಪಾಮ್‌ಗೆ ಹಂತಹಂತವಾಗಿ ಬದಲಾಯಿಸಿ, ಆಮೇಲೆ ಅದನ್ನು ಇಳಿಸುವ ಅವರ ವಿಧಾನ ಇಂದಿಗೂ ನಮಗೆ ದಾರಿ ತೋರಿಸುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಆಗಿನ ಡೋಸಿನ ಶೇ. 5ರಿಂದ 10ರಷ್ಟನ್ನು ಮಾತ್ರ ಇಳಿಸುತ್ತೇವೆ. ಜೊತೆಗೆ ನಿದ್ರಾಹೀನತೆಗೆಂದೇ ರೂಪಿಸಿದ ನಡವಳಿಕೆಯ ಚಿಕಿತ್ಸೆಯನ್ನು ಆರಂಭಿಸುತ್ತೇವೆ: ಏಳುವ ಸಮಯ ದಿನವೂ ಒಂದೇ ಇರಬೇಕು, ನಿದ್ದೆ ಬಾರದಿದ್ದರೆ ಹಾಸಿಗೆಯಿಂದ ಎದ್ದು ಬೇರೆಡೆ ಕೂರಬೇಕು, ಹಾಸಿಗೆಯಲ್ಲಿ ಕಳೆಯುವ ಗಂಟೆಗಳನ್ನು ನಿಜವಾಗಿ ನಿದ್ರಿಸುವ ಗಂಟೆಗಳಿಗೆ ಹೊಂದಿಸಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಈಗ ಮೊದಲು ಸೂಚಿಸುವ ಚಿಕಿತ್ಸೆ ಇದೇ. ರಾತ್ರಿ ಪಾಳಿಯ ಹೋಟೆಲು ಕೆಲಸದವರಿಗೆ ಮಲಗುವ ಹೊತ್ತನ್ನು ಹನ್ನೊಂದಕ್ಕೆ ತನ್ನಿ ಎಂದರೆ ಆಗದು; ಎರಡಕ್ಕೆ ಮಲಗಿ ಒಂಬತ್ತಕ್ಕೆ ಏಳುವುದನ್ನೇ ರಜೆಯ ದಿನವೂ ಪಾಲಿಸಿ ಎನ್ನುತ್ತೇನೆ.

ಆ ಮ್ಯಾನೇಜರರಿಗೆ ಮೂರ್ಛೆರೋಗದ ಮಾತ್ರೆಯನ್ನು ನಾನು ಕೊಡಲಿಲ್ಲ, ಏಕೆಂದರೆ ಅವರಿಗಿದ್ದದ್ದು ಮೂರ್ಛೆರೋಗವಲ್ಲ. ಡಯಾಜೆಪಾಮ್‌ಗೆ ಬದಲಾಯಿಸಿ ಇಳಿಸತೊಡಗಿದೆವು. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿಯನ್ನು ಮಗನ ಕೈಗೆ ಕೊಟ್ಟು, ಯಾವ ವಾರ ಎಷ್ಟು ಎಂದು ಕ್ಯಾಲೆಂಡರಿನಲ್ಲಿ ಬರೆಸಿದೆ. ಅರ್ಧಕ್ಕೆ ಇಳಿಯುವವರೆಗೆ ಹೆಚ್ಚು ಕಷ್ಟವಾಗಲಿಲ್ಲ. ಕೊನೆಯ ಎರಡು ಮಿಲಿಗ್ರಾಂ ಬಿಡುವಾಗಲೇ ಅವರು ಬಹಳ ಬಳಲಿದರು. ಉಳಿದಿರುವುದೇ ಅಷ್ಟು ಸ್ವಲ್ಪವಾದಾಗ ಒಂದು ಚೂರು ಕಡಿಮೆಯಾದರೂ ಅದು ಅಂದಿನ ಡೋಸಿನ ದೊಡ್ಡ ಪಾಲು. ಆದ್ದರಿಂದ ಕೊನೆಯ ಹಂತದಲ್ಲಿ ಇಳಿಕೆಯನ್ನು ಇನ್ನೂ ಚಿಕ್ಕದು ಮಾಡಿ, ನಡುವಿನ ವಾರಗಳನ್ನು ಹೆಚ್ಚಿಸಿದೆವು. ಅವರ ಫೈಲಿನ ಮೊದಲ ಪುಟದಲ್ಲಿ ಈಗ ಬಿಪಿ ಮಾತ್ರೆಯ ಕೆಳಗೆ ಈ ಔಷಧದ ಹೆಸರು, ಡೋಸು, ಇಳಿಸಿದ ತಾರೀಖುಗಳು ಬರೆದಿವೆ. ಊರಿಗೆ ಹೋಗುವಾಗ ಆ ಪುಟದ ಫೋಟೋ ಮಗನ ಮೊಬೈಲಿನಲ್ಲಿಯೂ ಇರುತ್ತದೆ.