ಪದ ಪರಿಚಯ: ಏರೇಷನ್ (ಕಾಂಪೋಸ್ಟ್ ಟೀಗೆ ಗಾಳಿ ಊಡುವುದು)

ಮಾಗಿದ ಕಾಂಪೋಸ್ಟನ್ನು ನೀರಿನಲ್ಲಿ ನೆನೆಸಿ, ಅದರ ಸೂಕ್ಷ್ಮಜೀವಿಗಳನ್ನು ಬೆಳೆಸಿ ಗಿಡಕ್ಕೆ ಕೊಡುವ ದ್ರಾವಣವೇ ಕಾಂಪೋಸ್ಟ್ ಟೀ. ಅದಕ್ಕೆ ಏರೇಷನ್ ಅಂದರೆ ಗುಳ್ಳೆ ಬಿಡುವುದಷ್ಟೇ ಅಂದುಕೊಂಡವರೇ ಹೆಚ್ಚು. ಗುಳ್ಳೆ ಬರೀ ದಾರಿ, ಆ ಜೀವಿಗಳಿಗೆ ಬೇಕಾಗಿರುವುದು ನೀರಿನಲ್ಲಿ ಕರಗಿದ ಆಮ್ಲಜನಕ. 25 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.5. ಟೀ ತಯಾರಾಗುವ 24ರಿಂದ 36 ಗಂಟೆಯುದ್ದಕ್ಕೂ ಅದು 6ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ರೂಢಿಯ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಮಿಲಿಗ್ರಾಂ ಮಾತ್ರ.

ಪಂಪಿನ ಲೆಕ್ಕ ಸುಲಭ: ಪ್ರತಿ ಲೀಟರ್ ಟೀಗೆ ನಿಮಿಷಕ್ಕೆ 0.3ರಿಂದ 0.4 ಲೀಟರ್ ಗಾಳಿ. 20 ಲೀಟರ್ ಬಕೆಟ್ಟಿಗೆ 6-8 ಲೀಟರ್, 200 ಲೀಟರ್ ಡ್ರಮ್ಮಿಗೆ 60-80. ಮೀನಿನ ತೊಟ್ಟಿಯ ಒಂಟಿ ನಳಿಕೆಯ ಪಂಪು 3-4 ಲೀಟರ್ ಕೊಟ್ಟರೆ ಹೆಚ್ಚು, ಬಕೆಟ್ಟಿಗೂ ಸಾಲದು. ಡ್ರಮ್ಮಿಗೆ ಪಿಸ್ಟನ್ ಪಂಪು ಅಥವಾ ದೊಡ್ಡ ಡಯಾಫ್ರಾಂ ಪಂಪೇ ಆಗಬೇಕು. ಪಂಕ್ಚರ್ ಅಂಗಡಿಯ ಎಣ್ಣೆ ಹಾಕುವ ಕಂಪ್ರೆಸರ್ ಮಾತ್ರ ಬೇಡ, ಗಾಳಿಯ ಜೊತೆ ಎಣ್ಣೆಯೂ ಬರುತ್ತದೆ.

ಕೊಳ್ಳುವಾಗ ಎಡವುವುದು ಇಲ್ಲಿ: ಡಬ್ಬಿಯ ಮೇಲೆ ಬರೆದ ಅಂಕಿ ಬರೀ ಗಾಳಿಗೆ ಊದಿದಾಗಿನದು. ಒಂದು ಮೀಟರ್ ನೀರು ಸುಮಾರು 10 ಕಿಲೋಪ್ಯಾಸ್ಕಲ್ ಒತ್ತಡದಿಂದ ಎದುರು ತಳ್ಳುತ್ತದೆ. ಡ್ರಮ್ಮಿನ ತಳದಲ್ಲಿ ಅದು 8ರ ಹತ್ತಿರ. ಸಣ್ಣ ಪಂಪುಗಳ ದಮ್ಮು ಅಲ್ಲಿಗೇ ಕಟ್ಟುತ್ತದೆ. ಹಾಗಾಗಿ ಆ ಒತ್ತಡದಲ್ಲಿ ಎಷ್ಟು ಲೀಟರ್ ಎಂದು ಪಂಪಿನ ಪಟ್ಟಿ ನೋಡಿ ಕೇಳಿ.

ಏರ್‌ಸ್ಟೋನಿನ (ನಳಿಕೆಯ ತುದಿಗೆ ಹಾಕುವ ಸಣ್ಣ ರಂಧ್ರಗಳ ಕಲ್ಲು) ಸಣ್ಣ ಗುಳ್ಳೆ ಆಮ್ಲಜನಕವನ್ನು ಚೆನ್ನಾಗಿ ಕರಗಿಸುತ್ತದೆ, ನಿಜ. ಆದರೆ ಟೀಯಲ್ಲಿ ಅದರ ರಂಧ್ರಗಳಿಗೆ ಲೋಳೆ ಕಟ್ಟಿ ಬೇಗ ಮುಚ್ಚಿಹೋಗುತ್ತದೆ. ನಮ್ಮ ಒಲವು ಏರ್‌ಲಿಫ್ಟಿನ, ಅಂದರೆ ಗಾಳಿಯಿಂದಲೇ ನೀರೆತ್ತುವ ಪೈಪಿನ ಕಡೆಗೆ. ಎರಡಿಂಚಿನ ಪಿವಿಸಿ ಪೈಪನ್ನು ತಳದಿಂದ ನಾಲ್ಕು ಬೆರಳು ಮೇಲೆ ನೆಟ್ಟಗೆ ನಿಲ್ಲಿಸಿ, ಗಾಳಿ ನಳಿಕೆಯನ್ನು ಅದರ ಕೆಳಬಾಯಿಗೆ ತೂರಿಸಿ, ಮೇಲ್ತುದಿಗೆ ಎಲ್ಬೋ ಹಾಕಿ ನೀರಿನ ಮಟ್ಟಕ್ಕೇ ಬಾಯಿ ಬರುವಂತೆ ಕೂರಿಸಿ. ಗುಳ್ಳೆ ಏರುತ್ತಾ ತಳದ ನೀರನ್ನೂ ಕೆಸರನ್ನೂ ಎತ್ತಿ ಮೇಲೆ ಸುರಿಯುತ್ತದೆ. ಮೊದಲು ನಾರುವುದು ಡ್ರಮ್ಮಿನ ತಳದ ಅಂಚೇ, ಗಾಳಿ ಅಲ್ಲಿಗೆ ತಲುಪುವುದಿಲ್ಲ. ಪ್ರತಿ ಬಾರಿ ಮುಗಿದ ಮೇಲೆ ಪೈಪು, ನಳಿಕೆಗಳನ್ನು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ, ಉಜ್ಜಿ ತೊಳೆಯಿರಿ.

ಬೆಲ್ಲದಲ್ಲಿ ಕೈ ಹಿಡಿತವಿರಲಿ. ಜೀವಾಮೃತದ 200 ಲೀಟರಿಗೆ 2 ಕೆಜಿ ಬೆಲ್ಲ ಹಾಕಿ ಕೋಲಿನಿಂದ ತಿರುವುವ ಅಭ್ಯಾಸ ಇಲ್ಲಿಗೆ ತಂದರೆ ಕೆಡುತ್ತದೆ. ಬ್ಯಾಕ್ಟೀರಿಯಾ ಒಮ್ಮೆಗೇ ಹೆಚ್ಚಿ, ಪಂಪು ಊದುವುದಕ್ಕಿಂತ ವೇಗವಾಗಿ ಆಮ್ಲಜನಕ ತಿಂದುಬಿಡುತ್ತವೆ. ಈ ಡ್ರಮ್ಮಿಗೆ 3-4 ಕೆಜಿ ಮಾಗಿದ ಕಾಂಪೋಸ್ಟಿಗೆ ಒಂದು ಕೆಜಿ ಬೆಲ್ಲ ಸಾಕು. ಹಸಿ ಸಗಣಿ ಬೇಡ, ಅದರಲ್ಲಿರಬಹುದಾದ ರೋಗಾಣುಗಳಿಗೂ ಬೆಲ್ಲ ಹಬ್ಬವೇ. ನೊರೆ ಎದ್ದರೆ ಟೀ ಚೆನ್ನಾಗಿದೆ ಅನ್ನುವುದು ಬರೀ ನಂಬಿಕೆ. ಮೂಗನ್ನು ನಂಬಿ: ಮಳೆ ಬಿದ್ದ ಮಣ್ಣಿನ ವಾಸನೆ ಸರಿ, ಹುಳಿ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಿಡಕ್ಕೆ ಬೇಡ, ತಿಪ್ಪೆಗೆ ಸುರಿಯಿರಿ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ನಳಿಕೆಗೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಟೀ ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯುತ್ತದೆ. ಮನೆಯ ಇನ್ವರ್ಟರಿಗೆ ಈ ಪಂಪು ಹೊರೆಯೇನಲ್ಲ. ಅದೂ ಇಲ್ಲದಿದ್ದರೆ ಕರೆಂಟ್ ಬರುವವರೆಗೆ ಬಕೆಟ್ಟಿನಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿರಿ.