ಸ್ಟೀರಿಂಗ್ ಯಾವಾಗ ಬಿಗಿ?

ಹಳೆಯ ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಬಿಗಿಯಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಯಾವಾಗ ಬಿಗಿ? ಎಂಜಿನ್ ತಣ್ಣಗಿರುವಾಗಲೋ, ಎರಡು ಗಂಟೆ ಉಳುಮೆ ಆದ ಮೇಲೋ? ಸ್ಲೋನಲ್ಲಿ ಮಾತ್ರವೋ, ರೇಸ್ ಕೊಟ್ಟಾಗಲೂ ಹಾಗೆಯೋ? ಎರಡೂ ಕಡೆಗೋ, ಒಂದೇ ಕಡೆಗೋ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಜನ ಇದನ್ನು ಕೇಳಿಕೊಳ್ಳದೆ ನೇರವಾಗಿ ಪಂಪ್ ಬದಲಿಸುತ್ತಾರೆ. ದುಡ್ಡು ಹೋಗುತ್ತದೆ, ಸ್ಟೀರಿಂಗ್ ಇದ್ದ ಹಾಗೇ ಇರುತ್ತದೆ.

ಅನುಮಾನ ಪಂಪಿನ ಮೇಲೇ ಹೋಗುವುದೇಕೆ? ಒತ್ತಡ ಹುಟ್ಟುವುದು ಅಲ್ಲೇ ಎಂಬ ನಂಬಿಕೆಯಿಂದ. ಆದರೆ ಪಂಪ್ ಕೊಡುವುದು ಬರೀ ಹರಿವನ್ನು. ಹರಿಯುವ ಎಣ್ಣೆಗೆ ಎದುರಿನಲ್ಲಿ ತಡೆ ಸಿಕ್ಕಾಗ ಒತ್ತಡ ಏರುತ್ತದೆ. ಮುಂದಿನ ಚಕ್ರ ಮಣ್ಣಿನಲ್ಲಿ ಹೂತು ಕೂತಿದ್ದರೆ ಹೆಚ್ಚು ಒತ್ತಡ, ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದರೆ ತೀರಾ ಕಡಿಮೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟ ನಿಯಮವೇ ಇಲ್ಲಿಯೂ ದುಡಿಯುತ್ತಿರುವುದು. ಮುಂದಿನ ಚಕ್ರಗಳನ್ನು ತಳ್ಳಿ ತಿರುಗಿಸುವ, 5 ಸೆಂಟಿಮೀಟರ್ ವ್ಯಾಸದ ಸಿಲಿಂಡರ್ ಇದೆ ಎಂದುಕೊಳ್ಳಿ. ಅದರ ಪಿಸ್ಟನ್ ಮುಖ ಸುಮಾರು 20 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ 100 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಆದರೆ ಆ ಪುಟ್ಟ ಪಿಸ್ಟನ್ ಹೆಚ್ಚುಕಡಿಮೆ ಎರಡು ಟನ್ ಬಲದಲ್ಲಿ ತಳ್ಳುತ್ತದೆ. ಹಾಗೆ ತಳ್ಳಬೇಕಾದರೆ ಪಂಪ್ ಕಳಿಸಿದ ಎಣ್ಣೆ ದಾರಿಯಲ್ಲಿ ಎಲ್ಲೂ ನುಸುಳಿಹೋಗದೆ ಸಿಲಿಂಡರ್ ಮುಟ್ಟಬೇಕು. ಅದು ಎಲ್ಲಿ ನುಸುಳುತ್ತಿದೆ ಎಂಬುದೇ ನಾವು ಹುಡುಕಬೇಕಾದ ಕಳ್ಳದಾರಿ.

ಎಣ್ಣೆಯ ಕಡೆ ನೋಡುವ ಮುಂಚೆ ಕಬ್ಬಿಣದ ಕಡೆ ನೋಡಬೇಕು. ಮುಂದಿನ ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ, ಚಕ್ರ ಎಡಬಲಕ್ಕೆ ಹೊರಳುವ ಗೂಟವಾದ ಕಿಂಗ್‌ಪಿನ್ ಗ್ರೀಸ್ ಕಾಣದೆ ವರ್ಷಗಳಾಗಿದ್ದರೆ ಯಾವ ಪಂಪೂ ಸ್ಟೀರಿಂಗನ್ನು ಹಗುರ ಮಾಡದು. ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿ, ಆಕ್ಸಲ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಇಟ್ಟು, ಎಂಜಿನ್ ನಿಲ್ಲಿಸಿ, ಸಿಲಿಂಡರಿನ ಒಂದು ತುದಿ ಕಳಚಿ ಚಕ್ರಗಳನ್ನು ಕೈಯಲ್ಲೇ ಆಚೀಚೆ ತಿರುಗಿಸಿ. ಸಲೀಸಾಗಿ ತಿರುಗಿದರೆ ತಪ್ಪು ಎಣ್ಣೆಯ ಕಡೆ. ಹಿಡಿದುಕೊಂಡರೆ ಗ್ರೀಸ್ ಗನ್ ತನ್ನಿ.

ಈಗ ನನಗೆ ಅತ್ಯಂತ ಇಷ್ಟವಾದ ಲಕ್ಷಣಕ್ಕೆ ಬರುತ್ತೇನೆ. ಬೆಳಿಗ್ಗೆ ಹಗುರವಾಗಿರುತ್ತದೆ, ಬಿಸಿಯಾಗುತ್ತಾ ಹೋದಂತೆ ಬಿಗಿಯಾಗುತ್ತದೆ, ರೇಸ್ ಕೊಟ್ಟರೆ ಮತ್ತೆ ಹಗುರ. ಹಳೆಯ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಗೇರ್ ಪಂಪಿನ ಹಲ್ಲುಗಳಿಗೂ ಅದರ ಗೂಡಿಗೂ ನಡುವೆ ಕೂದಲೆಳೆಗಿಂತ ಸಣ್ಣ ಸಂದು ಇರುತ್ತದೆ. ಸವೆತದಿಂದ ಆ ಸಂದು ಹಿಗ್ಗುತ್ತದೆ. ಕಿರಿದಾದ ಸಂದಿನಲ್ಲಿ ಸೋರುವ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ: ಅಗಲ ಎರಡರಷ್ಟಾದರೆ ಸೋರಿಕೆ ಎಂಟರಷ್ಟು. ಪಂಪ್ ವರ್ಷಗಟ್ಟಲೆ ಚೆನ್ನಾಗಿದ್ದು ಕೊನೆಗೆ ದಿಢೀರನೆ ಕೈಕೊಟ್ಟಂತೆ ಕಾಣುವುದು ಇದರಿಂದಲೇ. ಇದರ ಮೇಲೆ ಬಿಸಿಯ ಆಟ ಬೇರೆ. 46ರ ದರ್ಜೆಯ ಹೈಡ್ರಾಲಿಕ್ ಎಣ್ಣೆ 40 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರುವಷ್ಟರಲ್ಲಿ ಅದರ ಸ್ನಿಗ್ಧತೆ, ಅಂದರೆ ಮಂದತನ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎಣ್ಣೆ ತೆಳುವಾದಷ್ಟೂ ಸೋರಿಕೆ ಜಾಸ್ತಿ, ಅಂದರೆ ನಾಲ್ಕರಷ್ಟು.

ಲೆಕ್ಕ ಹಾಕಿ ನೋಡೋಣ. ಎಂಜಿನ್ 2,000 ಸುತ್ತಿನಲ್ಲಿ ಓಡುವಾಗ ಪಂಪ್ ನಿಮಿಷಕ್ಕೆ 20 ಲೀಟರ್ ತಳ್ಳುತ್ತದೆ ಎನ್ನಿ. 800 ಸುತ್ತಿನ ಸ್ಲೋನಲ್ಲಿ ಅದು 8 ಲೀಟರ್. ಒಳಸೋರಿಕೆ ಎಂಜಿನ್ ವೇಗಕ್ಕಿಂತ ಹೆಚ್ಚಾಗಿ ಒತ್ತಡವನ್ನು ಅನುಸರಿಸುತ್ತದೆ. ಬಿಸಿ ಎಣ್ಣೆಯಲ್ಲಿ ಅದು 5 ಲೀಟರ್ ಆಗಿದ್ದರೆ, ರೇಸ್ ಕೊಟ್ಟಾಗ 15 ಲೀಟರ್ ಉಳಿಯುತ್ತದೆ, ಸ್ಲೋನಲ್ಲಿ ಬರೀ 3. ಸ್ಟೀರಿಂಗನ್ನು ಒಂದು ಸುತ್ತು ತಿರುಗಿಸಲು 100 ಮಿಲಿಲೀಟರ್ ಎಣ್ಣೆ ಬೇಕಿದ್ದರೆ, ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸುವವನಿಗೆ ನಿಮಿಷಕ್ಕೆ 6 ಲೀಟರ್ ಬೇಕು. ಸಿಗುವುದು 3. ಕೊರತೆಯನ್ನು ನಿಮ್ಮ ತೋಳು ತುಂಬಬೇಕು. ನಿಧಾನಕ್ಕೆ ತಿರುಗಿಸಿದರೆ ಹಗುರ, ಬೇಗ ತಿರುಗಿಸಿದರೆ ಬಿಗಿ ಅನ್ನಿಸುವುದು ಇದೇ ಕೊರತೆಯ ಗುರುತು.

ರೇಸ್ ಕೊಟ್ಟರೂ ಎರಡೂ ಕಡೆಗೆ ಬಿಗಿಯಾಗಿದ್ದರೆ ರಿಲೀಫ್ ವಾಲ್ವ್ ನೋಡಿ. ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟುಕೊಡುವ ಕವಾಟ ಅದು. ಅದು ಕೂತು ಮುಚ್ಚಿಕೊಳ್ಳುವ ಜಾಗದಲ್ಲಿ ಒಂದು ಕಸದ ಕಣ ಸಿಕ್ಕಿಕೊಂಡರೂ ಬಾಗಿಲು ಸದಾ ಅರ್ಧ ತೆರೆದೇ ಇರುತ್ತದೆ. ಪ್ರೆಷರ್ ಗೇಜ್ ಹಾಕಿ ಅಳೆಯದೆ ಸ್ಪ್ರಿಂಗಿನಡಿ ವಾಷರ್ ಕೊಟ್ಟು ಬಿಗಿ ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮಿತಿ ಮೀರಿದ ಒತ್ತಡಕ್ಕೆ ಹೋಸ್ ಒಡೆಯುತ್ತದೆ. ಗೇಜ್ ನೋಡಲು ಸ್ಟೀರಿಂಗನ್ನು ಪೂರ್ತಿ ಲಾಕ್ ತನಕ ಒತ್ತಿ ಹಿಡಿಯುವುದೂ ಕೆಲವೇ ಸೆಕೆಂಡು ಸಾಕು. ಎಂಜಿನ್ ಸುರಿದ ಶಕ್ತಿಯೆಲ್ಲ ಆಗ ಎಣ್ಣೆಯನ್ನು ಕಾಯಿಸುತ್ತಿರುತ್ತದೆ. ಕೃಷಿ ಉಪಕರಣ ಎತ್ತುವಾಗ ಮಾತ್ರ ಬಿಗಿಯಾದರೆ, ಲಿಫ್ಟಿಗೂ ಸ್ಟೀರಿಂಗಿಗೂ ಎಣ್ಣೆ ಹಂಚುವ ವಾಲ್ವ್ ಕಡೆ ಹೋಗಿ.

ಒಂದೇ ಕಡೆಗೆ ಬಿಗಿಯಾದರೆ ಪಂಪನ್ನು ಬಿಟ್ಟುಬಿಡಬಹುದು, ಎರಡೂ ಕಡೆಗೆ ಎಣ್ಣೆ ಕೊಡುವುದು ಅದೊಂದೇ. ಹುಡುಕಬೇಕಾದದ್ದು ಆ ಬದಿಯ ಹೋಸ್, ಕವಾಟ, ಸಿಲಿಂಡರ್. ಒಂದು ಎಚ್ಚರ: ಒಂದೇ ಕಡೆ ರಾಡ್ ಇರುವ ಸಿಲಿಂಡರಿನಲ್ಲಿ ರಾಡ್ ಕೂತ ಬದಿಗೆ ಜಾಗ ಕಡಿಮೆ. ಹಾಗಾಗಿ ಒಂದು ಕಡೆಗೆ ಹೆಚ್ಚು ಸುತ್ತು, ಇನ್ನೊಂದು ಕಡೆಗೆ ಕಡಿಮೆ ಸುತ್ತು ಬೇಕಾಗುವುದು ಸಹಜ, ಅದು ರೋಗವಲ್ಲ.

ಬಿಗಿಯಲ್ಲ, ಸ್ಪಂಜಿನಂತೆ ಮೆತ್ತಗಿದೆ, ಎಳೆದೆಳೆದು ತಿರುಗುತ್ತದೆ, ಪಂಪ್ ಗುರುಗುಟ್ಟುತ್ತದೆ ಎಂದರೆ ಏರ್ ಹಿಡಿದಿದೆ. 100 ಬಾರ್ ಒತ್ತಡಕ್ಕೆ ಎಣ್ಣೆ ಶೇಕಡಾ ಒಂದಕ್ಕಿಂತ ಕಡಿಮೆ ಕುಗ್ಗುತ್ತದೆ. ಗಾಳಿಯಾದರೋ ನೂರನೇ ಒಂದು ಭಾಗಕ್ಕೆ ಮುದುಡಿಕೊಳ್ಳುತ್ತದೆ. ನೀವು ತಿರುಗಿಸಿದ್ದೆಲ್ಲ ಗುಳ್ಳೆಗಳನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ. ಈ ಗಾಳಿ ನುಗ್ಗುವ ತೂತನ್ನು ಕಣ್ಣಿನಿಂದ ಹುಡುಕಲು ಹೋಗಿ ಬಹಳ ಜನ ಸೋಲುತ್ತಾರೆ, ಅಲ್ಲಿ ಎಣ್ಣೆಯ ಕಲೆಯೇ ಇರುವುದಿಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಹೀರುವ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಬಿರುಕು ಬಿಟ್ಟರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಬೆಲ್ಟು, ಫ್ಯಾನಿನಿಂದ ಕೈ ದೂರವಿಟ್ಟು ಆ ಪೈಪಿನ ಜೋಡಣೆಗಳಿಗೆ ಒಂದೊಂದಾಗಿ ಎಣ್ಣೆ ಸವರಿ. ಎಲ್ಲಿ ಸವರಿದಾಗ ಪಂಪಿನ ಸದ್ದು ಬದಲಾಯಿತೋ ಅಲ್ಲೇ ತೂತು. ಟ್ಯಾಂಕಿನ ಎಣ್ಣೆ ಹಾಲಿನಂತಿದ್ದರೆ ಗಾಜಿನ ಲೋಟದಲ್ಲಿ ಹಿಡಿದಿಡಿ. ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಅದು ಗಾಳಿ, ಹಾಗೆಯೇ ಉಳಿದರೆ ನೀರು.

ಒತ್ತಡದ ಕಡೆಯ ಹೋಸುಗಳಿಗೆ ಮಾತ್ರ ಎಂಜಿನ್ ಓಡುವಾಗ ಕೈ ಆಡಿಸಬೇಡಿ. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಹೋಸುಗಳ ಉದ್ದಕ್ಕೂ ಒಂದು ರಟ್ಟಿನ ತುಂಡನ್ನು ಆಡಿಸಿದರೆ ಸಾಕು, ಒದ್ದೆಯಾದ ಕಡೆ ತೂತಿದೆ.

ಕೊನೆಯದಾಗಿ, ಸ್ಟೀರಿಂಗ್ ಯುನಿಟ್ಟನ್ನೇ ಬಿಚ್ಚಿ ಸೀಲ್ ಹಾಕಿದವರಿಗೆ ಒಂದು ಮಾತು. ಹೈಡ್ರೋಸ್ಟ್ಯಾಟಿಕ್ ಮಾದರಿಯಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸಂಪರ್ಕವೇ ಇಲ್ಲ, ಇರುವುದು ಎಣ್ಣೆ ಮಾತ್ರ. ಏಳು ಗುಣಿಯ ಉಂಗುರದೊಳಗೆ ಆರು ಹಲ್ಲಿನ ನಕ್ಷತ್ರದಂಥ ಚಕ್ರವೊಂದು ತಿರುಗುತ್ತಾ ಎಣ್ಣೆಯನ್ನು ಅಳೆದು ಕೊಡುತ್ತದೆ. ಮತ್ತೆ ಜೋಡಿಸುವಾಗ ಈ ನಕ್ಷತ್ರಕ್ಕೂ ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಕಳಿಸುವ ಒಳಗಿನ ಸ್ಪೂಲಿಗೂ ಹೊಂದಿಕೆ ಒಂದು ಹಲ್ಲು ತಪ್ಪಿದರೆ ಯುನಿಟ್ ಮೋಟರ್ ಆಗಿಬಿಡುತ್ತದೆ, ಎಂಜಿನ್ ಚಾಲೂ ಮಾಡಿದೊಡನೆ ಸ್ಟೀರಿಂಗ್ ತಾನಾಗಿಯೇ ಗಿರ್ರನೆ ಸುತ್ತುತ್ತದೆ. ಆದ್ದರಿಂದ ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ. ಮೊದಲ ಸಲ ಚಾಲೂ ಮಾಡುವಾಗ ಮುಂದಿನ ಚಕ್ರಗಳು ನೆಲದಿಂದ ಮೇಲಿರಲಿ, ಕೈಬೆರಳು ಸ್ಟೀರಿಂಗಿನ ಕಡ್ಡಿಗಳ ನಡುವೆ ಇರದಿರಲಿ. ಸ್ಟೀರಿಂಗ್ ತೆಪ್ಪಗೆ ನಿಂತಿದ್ದರೆ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹತ್ತಾರು ಸಲ ತಿರುಗಿಸಿ, ಟ್ಯಾಂಕಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ.